ಗುಂಡಿ ತೋಡುವವನ ಅಳತೆಪಟ್ಟಿ

ಲುಫೆಯೊನ ಕೈಗೆ ಆ ಬಣ್ಣದ ಪಟ್ಟಿ ಕೊಟ್ಟವರು ಯಾರು ಅಂತ ಈಗ ಕೇಳಿದರೆ ಊರಲ್ಲಿ ಒಬ್ಬರೂ ಬಾಯಿ ಬಿಡಲ್ಲ. ಮಿಷನ್ನಿನವರು ಕೊಟ್ಟರು ಅಂತಾರೆ. ಶುದ್ಧ ಸುಳ್ಳು. ಮಾವಿನ ಮರದ ಕೆಳಗೆ ಕೂತು ಇಡೀ ಊರು ಕೈಯೆತ್ತಿ ಕೊಟ್ಟದ್ದು. ನಾನೂ ಅಲ್ಲೇ ಇದ್ದೆ. ನನ್ನ ಕೈ ಮಾತ್ರ ಮಡಿಲಲ್ಲೇ ಇತ್ತು, ಬೇಕಾದರೆ ಯಾರನ್ನಾದರೂ ಕೇಳಿ. ಈ ಡೊರಿಕಾ ಯಾವುದಕ್ಕೂ ಒಂದೇ ಸಲಕ್ಕೆ ಕೈಯೆತ್ತುವವಳಲ್ಲ.

ಲುಫೆಯೊ ಅಂದರೆ ನಮ್ಮೂರಲ್ಲಿ ಗುಂಡಿ ತೋಡುವವರ ಯಜಮಾನ. ಯಾರ ಮನೇಲಿ ಸಾವಾದರೂ ಮೊದಲು ಅವನಿಗೆ ಹೇಳಿ ಕಳಿಸಬೇಕು. ಅವನು ಹೊಳೆ ದಂಡೆಗೆ ಹೋಗಿ ಒಂದು ಜೊಂಡಿನ ಕೋಲು ಕಡಿದು ತರ್ತಾನೆ. ಚಾಪೆ ಮೇಲೆ ಮಲಗಿಸಿದ ಹೆಣದ ಪಕ್ಕ ಇಟ್ಟು ನೆತ್ತಿಯಿಂದ ಹಿಮ್ಮಡಿವರೆಗೆ ಅಳೆದು, ಹಿಮ್ಮಡಿ ಹತ್ತಿರ ಕಟಕ್ ಅಂತ ಮುರೀತಾನೆ. ಆ ಕೋಲು ಹಿಡಕೊಂಡು ಅವನ ಗುಂಪು ಸ್ಮಶಾನದ ತೋಪಿಗೆ ಹೋಗಿ ಅಷ್ಟುದ್ದದ ಗುಂಡಿ ತೋಡುತ್ತೆ. ಆಮೇಲೆ ಕೋಲೂ ಹೆಣದ ಜೊತೆಗೇ ಮಣ್ಣಿಗೆ ಹೋಗಬೇಕು. ಸುಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಇನ್ನು ಬದುಕಿರುವವರ ಅಳತೆ ತೆಗೆಯೋದು ಅಂದರೆ ಸಾವನ್ನ ಕರೆದು ಜಗಲಿ ಮೇಲೆ ಕೂರಿಸಿದ ಹಾಗೆ. ಮಕ್ಕಳು ಆಟಕ್ಕೆ ಮಾಡಿದರೂ ಬೆನ್ನ ಮೇಲೆ ನಾಲ್ಕು ಬೀಳುತ್ತೆ.

ನನ್ನ ಗಂಡನನ್ನೂ ಇವನೇ ಅಳೆದದ್ದು. ಕೋಲು ಮುರಿದ ಆ ಸದ್ದು ಇನ್ನೂ ನನ್ನ ಕಿವೀಲಿದೆ. ಅವತ್ತಿಂದ ಇವನು ನನ್ನ ಬಾಗಿಲ ಮುಂದೆ ಹಾದುಹೋದರೂ ನನಗೆ ಆಗ್ತಿರಲಿಲ್ಲ. ಒಳ್ಳೆಯವನೇ, ಕುಡಿದು ಬಿದ್ದವನಲ್ಲ, ಯಾರ ಹೊಲಕ್ಕೂ ಕೈ ಹಾಕಿದವನಲ್ಲ. ಇರಲಿ, ಒಳ್ಳೆಯವನಾದರೆ ನನಗೇನು ಬಂತು?

ಸಾಲದ್ದಕ್ಕೆ ಅವನು ನಮ್ಮೂರಲ್ಲಿ ಹುಟ್ಟಿದವನೂ ಅಲ್ಲ. ನಮ್ಮ ಕಡೆ ಗಂಡು ಹೆಂಡತಿಯ ಊರಿಗೆ ಬಂದು ಬಾಳಬೇಕು. ಹೆಂಡತಿ ತೀರಿಕೊಂಡರೆ ಗಂಟುಮೂಟೆ ಕಟ್ಟಿಕೊಂಡು ತಾಯಿಯ ಊರಿಗೆ ವಾಪಸ್ ಹೋಗಬೇಕು. ಇವನ ಹೆಂಡತಿ ತೀರಿಕೊಂಡು ಎಷ್ಟೋ ಮಳೆಗಾಲ ಕಳೆದಿದ್ದವು, ಇವನು ಮಾತ್ರ ಅಲ್ಲಾಡಲಿಲ್ಲ. ಯಾಕೆ? ಇಲ್ಲಿ ಇವನದ್ದು ಅಂತ ಏನಿತ್ತು? ಹೊಲ ಹೆಂಡತಿ ಕಡೆಯವರದ್ದು, ಮನೆಯ ಹುಲ್ಲು ಸೋರ್ತಿತ್ತು. ನಾನು ಮುಖಕ್ಕೆ ಮುಖ ಕೊಟ್ಟೇ ಕೇಳಿದ್ದೆ. "ಸತ್ತವರ ರಕ್ತದ ನೆಂಟರು ಗುಂಡಿ ತೋಡೋ ಹಾಗಿಲ್ವಲ್ಲ ಅಕ್ಕ, ನಾನು ಹೋದ್ರೆ ನಿಮ್ಮನ್ನೆಲ್ಲ ಯಾರು ಹೂಳ್ತಾರೆ?" ಅಂತ ನಕ್ಕ. ಅವನು ನಕ್ಕರೆ ಸಾಕು, ನನಗೆ ಅನುಮಾನ ಇನ್ನೂ ಜಾಸ್ತಿ.

ಚರ್ಚಿನಲ್ಲಿ ಅವನದ್ದೇ ದಪ್ಪ ದನಿ. ಕೀರ್ತನೆ ಶುರುವಾದರೆ ಕಿಟಕಿ ನಡುಗೋದು. ಆದರೆ ಬೆಂಚಿನ ಮೇಲೆ ಅವನ ಪಕ್ಕ ಇಬ್ಬರು ಕೂರುವಷ್ಟು ಜಾಗ ಯಾವಾಗಲೂ ಖಾಲಿ. ಅವನ ಕೈಯಿಂದ ಯಾರೂ ಉಪ್ಪು ಈಸ್ಕೊಳ್ತಿರಲಿಲ್ಲ. ಅವನಿಗದು ಗೊತ್ತಿತ್ತು, ಕೇಳ್ತಾನೂ ಇರಲಿಲ್ಲ.

ಈಗ ಮಿಷನ್ನಿನವರ ವಿಷಯ. ಹಿಂದಿನ ವರ್ಷ ಬೆಟ್ಟದಿಂದ ಇಳಿದ ನೀರು ಜೋಳವನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಹೊಸ ಬೆಳೆ ಇನ್ನೂ ಹಾಲುಗಟ್ಟಿರಲಿಲ್ಲ. ಹಿಟ್ಟಿನ ಬದಲು ತೌಡು ಕುಟ್ಟಿ ಗಂಜಿ ಕಾಯಿಸ್ತಿದ್ದೆವು. ಅಂಥ ಹೊತ್ತಲ್ಲಿ ಮೋಟಾರುಬೈಕಿನ ಮೇಲೆ ಮಿಸ್ ಗೊಂಡ್ವೆ ಅನ್ನೋ ಹುಡುಗಿ ಬಂದಳು. ಉತ್ತರದವಳು, ಮಾತು ನಮ್ಮ ಹಾಗಲ್ಲ. ಮೊದಲು ಪ್ರಾರ್ಥನೆ ಮಾಡಿಸಿದಳು, ಆಮೇಲೆ ಡಬ್ಬ ಬಿಚ್ಚಿದಳು. ಕಡ್ಲೆಕಾಯಿ ಅರೆದು ಸಕ್ಕರೆ, ಹಾಲುಪುಡಿ ಕಲಸಿದ ಪೊಟ್ಟಣಗಳು. ಸೊರಗಿದ ಮಕ್ಕಳಿಗೆ, ಬಿಟ್ಟಿ.

ಬಿಟ್ಟಿ ಅಂದ ತಕ್ಷಣ ನನ್ನ ಕಿವಿ ನಿಮಿರಿತು. ಯಾರು ಯಾರಿಗೆ ಬಿಟ್ಟಿ ಕೊಡ್ತಾರೆ? ಹಿಂದೆ ಇನ್ಯಾರೋ ಬಂದು ನಮ್ಮ ಫೋಟೋ ಹಿಡಿದು, ಹಾಡು ಹೇಳಿಸಿ, ದಾರಿ ಬದಿ ಒಂದು ಬೋರ್ಡು ನೆಟ್ಟು ಹೋಗಿದ್ದರು. ಇನ್ನೊಂದು ಬಾವಿ ಬರುತ್ತೆ ಅಂದಿದ್ದರು. ಬಾವಿ ಬರಲಿಲ್ಲ, ಬೋರ್ಡಿನ ಮೇಲೆ ಕಾಗೆ ಕೂತ್ಕೊಳ್ಳುತ್ತೆ. ಆಚೆ ಊರಲ್ಲಂತೂ ರಕ್ತ ಹೀರುವವರು ಓಡಾಡ್ತಿದ್ದಾರೆ ಅಂತ ಸುದ್ದಿ. ನಾನು ಪೂರ್ತಿ ನಂಬಿದೆ ಅಂತ ಹೇಳಲ್ಲ. ನಂಬಲಿಲ್ಲ ಅಂತಲೂ ಹೇಳಲ್ಲ.

"ನಿಮ್ಮೂರಲ್ಲಿ ಎಲ್ಲರಿಗೂ ನಂಬಿಕೆ ಇರೋ ಒಬ್ಬರನ್ನ ನೀವೇ ಆರಿಸಿ. ಪೊಟ್ಟಣ ಅವರ ಮನೇಲಿ ಇಡೋಣ," ಅಂದಳು ಮಿಸ್ ಗೊಂಡ್ವೆ.

ಎಲ್ಲರೂ ನೆಲ ನೋಡಿದರು. ಹಿಂದೊಂದು ಸಲ ಬಂದ ಹಿಟ್ಟಿನ ಚೀಲಗಳಿಗೆ ಕಾಲು ಬಂದು ಒಂದೊಂದೇ ನಡೆದುಹೋಗಿದ್ದವು. ಯಾರ ಮನೆಗೆ ಅಂತ ಎಲ್ಲರಿಗೂ ಗೊತ್ತಿತ್ತು.

ಊರ ಮುಖ್ಯಸ್ಥೆ ಫೆಲೆಸಿಯಾ ಗಂಟಲು ಸರಿಮಾಡಿಕೊಂಡಳು. "ನಂಬಿಕೆ ಇರೋರು ಅಂದ್ರೆ ಸ್ವಲ್ಪ ಕಷ್ಟ ಕಣಮ್ಮ. ಹೆದರಿಕೆ ಇರೋರಾದ್ರೆ ಆಗುತ್ತಾ?"

ಎಲ್ಲರೂ ಗೊಳ್ಳೆಂದು ನಕ್ಕರು, ಎಲ್ಲರ ಕಣ್ಣೂ ಲುಫೆಯೊನ ಕಡೆ ತಿರುಗಿತು. ಸರಿಯಾದ ಲೆಕ್ಕಾಚಾರವೇ. ಹೆಣದ ಗುದ್ದಲಿ ಒರಗಿಸಿಟ್ಟ ಮನೆಗೆ ಯಾವ ಕಳ್ಳ ನುಗ್ತಾನೆ? ಕೈಗಳು ಮೇಲಕ್ಕೆ ಹೋದವು. ಲುಫೆಯೊ ಎದ್ದು ನಿಂತು ಟೋಪಿ ತೆಗೆದ. ಅವನನ್ನ ಊರು ಯಾವುದಕ್ಕಾದರೂ ಆರಿಸಿದ್ದು ಅದೇ ಮೊದಲು. ಮುಖದಲ್ಲಿ ಏನು ಖುಷಿ ಅಂತೀರಿ!

ಆಗ ಮಿಸ್ ಗೊಂಡ್ವೆ ಚೀಲದಿಂದ ಒಂದು ಪಟ್ಟಿ ತೆಗೆದಳು. ಹಸಿರು, ಹಳದಿ, ಕೆಂಪು; ಕೆಂಪು ಅಂದರೆ ಮಗು ತೀರಾ ಸೊರಗಿದೆ ಅಂತ. "ಇವರು ಮನೆಮನೆಗೆ ಬಂದು ಇದರಲ್ಲಿ ನಿಮ್ಮ ಮಕ್ಕಳ ಅಳತೆ ತೆಗೀತಾರೆ," ಅಂದಳು.

ತಾಯಂದಿರು ಮಕ್ಕಳನ್ನ ಎಳೆದು ಮಡಿಲಿಗೆ ಹಾಕಿಕೊಂಡರು. ಅವಳಿಗೆ ಗೊತ್ತಾಗಲಿಲ್ಲ, ಚಪ್ಪಾಳೆ ತಟ್ಟಿಸಿ, ಬೈಕು ಒದ್ದು, ಧೂಳೆಬ್ಬಿಸಿ ಹೋದಳು. ಲುಫೆಯೊ ಆ ಪಟ್ಟಿ ಹಿಡಕೊಂಡು ನಿಂತೇ ಇದ್ದ. ಜನ ಒಬ್ಬೊಬ್ಬರಾಗಿ ಜಾರಿಕೊಂಡರು.

ಮಾರನೇ ದಿನದಿಂದ ಊರಲ್ಲಿ ಕಣ್ಣಾಮುಚ್ಚಾಲೆ. ಅವನು ಈ ತುದಿಯಲ್ಲಿ ಕಾಣಿಸಿಕೊಂಡರೆ ತಾಯಂದಿರು ಮಕ್ಕಳನ್ನ ಬೆನ್ನಿಗೆ ಕಟ್ಟಿಕೊಂಡು ಆ ತುದಿಯಿಂದ ಹೊಲಕ್ಕೆ ಕಾಲ್ಕೀಳೋರು. "ಮಕ್ಕಳಿಲ್ಲ ಮಾವ, ಅಜ್ಜಿ ಮನೆಗೆ ಹೋಗಿದಾವೆ!" ಅಂತ ಒಬ್ಬಳು ಒಳಗಿನಿಂದ ಕೂಗಿದರೆ, ಅವಳ ಮಗು ಒಳಗೇ ಅಳೋದು. ಗಂಡಸರು ಹಾಸ್ಯ ಮಾಡೋರು. "ಏನ್ ಲುಫೆಯೊ, ಈಗ ಮುಂಗಡವಾಗೇ ಬುಕ್ ಮಾಡ್ಕೊಳ್ತೀಯಾ?" ಅವನು ನಗ್ತಿದ್ದ. ದಿನ ಕಳೆದ ಹಾಗೆ ನಗು ಕಮ್ಮಿಯಾಯಿತು.

ನನ್ನ ಬಾಗಿಲಿಗೂ ಬಂದ. ನಾನು ಒನಕೆ ಹಿಡಿದು ತೌಡು ಕುಟ್ಟುತ್ತಿದ್ದೆ. ಅಂಗಳದ ಆಚೆಯೇ ನಿಂತು ಮೆಲ್ಲಗೆ ಕೈ ತಟ್ಟಿ ಕರೆದ.

"ಅಕ್ಕಾ, ಎಸ್ನಾತಳ ಮಗಳು…"

"ಒಂದು ಹೆಜ್ಜೆ ಮುಂದಿಟ್ಟೆ ಅಂದ್ರೆ ಈ ಒನಕೆ ನಿನ್ನ ತಲೆ ಮೇಲೆ."

"ರಟ್ಟೆ ಅಷ್ಟೇ ಅಕ್ಕ. ಉದ್ದ ಅಳೆಯಲ್ಲ."

"ಇವತ್ತು ರಟ್ಟೆ ಅಂತೀಯ. ನಾಳೆ ಉದ್ದಕ್ಕೆ ಬರ್ತೀಯ. ನಿನ್ನ ಕಸುಬು ನನಗೆ ಗೊತ್ತಿಲ್ವೇನೋ? ಅದಿರಲಿ, ಅವರು ನಿನಗೇನು ಕೊಡ್ತಾರೆ?"

"ಒಂದು ಅಂಗಿ ಕೊಡ್ತೀನಿ ಅಂದಿದಾರೆ."

"ಒಂದು ಅಂಗಿಗೋಸ್ಕರ ಇಷ್ಟು ಅಲೀತೀಯಾ? ಯಾರ ಕಿವಿಗೆ ಹೂ ಇಡ್ತೀಯಪ್ಪ?"

ಅವನು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು ಹೋದ. ನಾನು ಒಳಗೆ ಬಂದರೆ, ನನ್ನ ಮಗಳು ಎಸ್ನಾತ್ ಗೋಡೆಗೆ ಒರಗಿ ಕೂತು ನನ್ನನ್ನೇ ದುರುಗುಟ್ಟಿ ನೋಡ್ತಿದ್ದಳು. ಅವಳ ತೊಡೆ ಮೇಲೆ ನೆಲಿಯಾ.

ನೆಲಿಯಾ ನನ್ನ ಮೊಮ್ಮಗಳು. ಆಗ ಅವಳಿಗೆ ಎರಡು ತುಂಬಿತ್ತು. ತಮ್ಮ ಹುಟ್ಟಿದ ಮೇಲೆ ಮೊಲೆ ಬಿಡಿಸಿದ್ದೆವು. ಅಲ್ಲಿಂದ ಇಳಿಯೋಕೆ ಶುರುವಾದವಳು ಇಳೀತಾನೇ ಇದ್ದಳು. ಕೂದಲು ಕೆಂಚಗಾಯಿತು. ಮುಖ ಮುದುಕಿಯದ್ದಾಯಿತು. ಮೊದಲು ಅಳ್ತಿದ್ದಳು, ಆಮೇಲೆ ಅಳೋದನ್ನೂ ಬಿಟ್ಟಳು. ಕಣ್ಣ ಮೇಲೆ ನೊಣ ಕೂತರೆ ಕೈಯಾಡಿಸ್ತಿರಲಿಲ್ಲ. ನಾನೇ ಬಟ್ಟೆ ಬೀಸಿ ಓಡಿಸ್ತಿದ್ದೆ.

ಜನರ ಬಾಯಿ ಬೇರೆ. ನಮ್ಮಲ್ಲಿ ಮಗು ಹೀಗೆ ಸೊರಗಿದರೆ ಮೊದಲು ನೋಡೋದು ಗಂಡ ಹೆಂಡತಿಯ ನಡತೆಯನ್ನ. ಯಾರೋ ಒಬ್ಬರು ದಾರಿ ತಪ್ಪಿದ್ದಾರೆ, ಅದು ಮಗುವಿಗೆ ತಗುಲಿದೆ ಅಂತಾರೆ. ನನ್ನ ಅಳಿಯ ಟೀ ತೋಟದಲ್ಲಿ ಕೂಲಿಗಿದ್ದ, ತಿಂಗಳುಗಟ್ಟಲೆ ಬರ್ತಿರಲಿಲ್ಲ. ನನಗೂ ಅವನ ಮೇಲೇ ಅನುಮಾನ. ಎಸ್ನಾತಳನ್ನ ಕೂರಿಸಿಕೊಂಡು ಅದನ್ನೂ ಇದನ್ನೂ ಕೇಳಿ ಅಳಿಸಿದ್ದೆ. ಬೇರು ತಂದು ಮಗುವಿನ ಸೊಂಟಕ್ಕೆ ಕಟ್ಟಿದ್ದೆ. ಹೊರಗೆ ಹೋದರೆ ಬಟ್ಟೆಯಲ್ಲಿ ಪೂರ್ತಿ ಸುತ್ತಿ ಮುಖ ಮಾತ್ರ ಕಾಣೋ ಹಾಗೆ ಎತ್ತಿಕೊಳ್ಳಬೇಕು ಅಂತ ಕಟ್ಟಪ್ಪಣೆ ಮಾಡಿದ್ದೆ.

"ತೋರಿಸೋಣ ಅಮ್ಮ," ಅಂದಳು ಎಸ್ನಾತ್. "ಅಳೀಲಿ. ಬಿಡು."

"ಗುಂಡಿ ತೋಡೋನ ಕೈಗೆ ಕೊಡ್ತೀಯಾ? ನಿನಗೆ ತಲೆ ನೆಟ್ಟಗಿದೆಯಾ?"

"ಇವಳು ನಿನ್ನ ಅನುಮಾನ ತಿಂದು ಬದುಕ್ತಾಳಾ ಅಮ್ಮಾ? ಹೇಳು. ಬದುಕ್ತಾಳಾ?"

ನಾನು ಒಲೆ ಮುಂದೆ ಕೂತು ಬೆಂಕಿ ಊದಿದೆ.

ಮುಂದಿನ ವಾರ ಮಿಸ್ ಗೊಂಡ್ವೆ ಬಂದಳು. ಒಂದು ಮಗುವಿನ ಅಳತೆಯೂ ಆಗಿರಲಿಲ್ಲ, ಒಂದು ಪೊಟ್ಟಣವೂ ಹೋಗಿರಲಿಲ್ಲ. ಬಾವಿಯ ಹತ್ತಿರ ಎಲ್ಲರೂ ಕೇಳಲಿ ಅಂತಲೇ ಲುಫೆಯೊನಿಗೆ ಹೇಳಿದಳು: "ಇಲ್ಲಿ ಸೊರಗಿರೋ ಮಕ್ಕಳೇ ಇಲ್ಲ ಅಂತ ಆಯ್ತು. ಪೊಟ್ಟಣ ಬೇರೆ ಊರಿಗೆ ಬೇಕು. ಇವತ್ತು ಸಾಯಂಕಾಲ ವಾಪಸ್ ತಗೊಂಡು ಹೋಗ್ತೀನಿ." ಬಡಪಾಯಿ ಹುಡುಗಿ, ಅವಳಿಗೇನು ಗೊತ್ತು. ಲುಫೆಯೊ ತಲೆ ಕೆರೆದುಕೊಂಡು ಹೊಳೆ ಕಡೆ ನಡೆದ.

ಅವನು ವಾಪಸ್ ಬಂದಾಗ ಕೈಯಲ್ಲಿ ಹಸಿ ಜೊಂಡಿನ ಕೋಲು. ಅದನ್ನ ನೋಡಿದ್ದೇ ಬಾವಿ ಹತ್ತಿರ ಇದ್ದ ಹೆಂಗಸರು ಕೊಡ ಅಲ್ಲೇ ಬಿಟ್ಟರು. ಯಾರು ಸತ್ತರು? ಯಾರ ಮನೆ? ಅವನು ನೇರ ನನ್ನ ಅಂಗಳಕ್ಕೇ ಬರ್ತಿದ್ದ. ಒಳಗೆ ಓಡಿ ನೆಲಿಯಾಳ ಮೂಗಿನ ಹತ್ತಿರ ಕೈ ಇಟ್ಟು ನೋಡಿದೆ. ಉಸಿರಿತ್ತು. ಒನಕೆ ಎತ್ತಿಕೊಂಡೇ ಹೊರಗೆ ಬಂದೆ.

"ಥೂ, ಪಾಪಿ! ಬದುಕಿರೋ ಮಗುವಿಗೆ ಕೋಲು ತಂದಿದೀಯಾ?"

"ಮಗುವಿಗಲ್ಲ," ಅಂದ. ಜಗಲಿ ಮೇಲಿದ್ದ ನನ್ನ ಚಾಪೆ ಎಳೆದು ಅಂಗಳದ ನಡುವೆ ಹಾಸಿದ. ಟೋಪಿ ತೆಗೆದು ಪಕ್ಕಕ್ಕಿಟ್ಟ. ನಾವು ಹೆಣ ಮಲಗಿಸೋ ಹಾಗೆಯೇ, ಕಾಲು ದಾರಿ ಕಡೆಗೆ ಮಾಡಿ, ಕೈ ಎರಡೂ ಪಕ್ಕಕ್ಕೆ ಜೋಡಿಸಿ ಅಂಗಾತ ಮಲಗಿದ. "ಡೊರಿಕಾ ಅಕ್ಕ, ತಗೋ ಕೋಲು. ನನ್ನ ಅಳತೆ ತೆಗಿ."

ಹೆಂಗಸರು ಕಿಟಾರನೆ ಕಿರುಚಿದರು. ಒಬ್ಬಳು ಮುಖ ಮುಚ್ಚಿಕೊಂಡು ಓಡಿಯೇ ಹೋದಳು. ಫೆಲೆಸಿಯಾ ಬೇಲಿ ಆಚೆಯಿಂದ, "ಏಳೋ, ಎದ್ದೇಳೋ ಹುಚ್ಚಾ! ಊರಿಗೇ ಕೇಡು ತರ್ತೀಯ!" ಅಂತ ಕೂಗಿದಳು. ಅವನು ಏಳಲಿಲ್ಲ.

"ಅಳತೆ ತಗೊಂಡ್ರೆ ಸಾಯ್ತಾರೆ ಅಂತ ತಾನೇ ನಿಮ್ಮ ಮಾತು? ಹಾಗಾದ್ರೆ ನಾನು ಮೊದಲು ಹೋಗ್ತೀನಿ. ಎಲ್ಲರೂ ನೋಡಿ."

ಆಗಲೂ ನಾನು ಬಗ್ಗಲಿಲ್ಲ. ನಾನು ಅಷ್ಟು ಸುಲಭವಾ? "ನಿನಗೇನಪ್ಪಾ, ಹೆಣದ ಜೊತೆ ಇದ್ದು ಇದ್ದು ಸಾವಿಗೆ ಮದ್ದು ಮಾಡಿಟ್ಟುಕೊಂಡಿರ್ತೀಯ. ನಿನಗೆ ತಟ್ಟಲ್ಲ, ನಮ್ಮ ಮಗುವಿಗೆ ತಟ್ಟುತ್ತೆ."

ಅವನು ಆಕಾಶ ನೋಡ್ತಾ ಮಲಗಿದ್ದವನು ತಲೆ ತಿರುಗಿಸಿ ನನ್ನ ಮುಖ ನೋಡಿದ. ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸಲೀಸಾಗ್ತಿತ್ತು.

"ಮದ್ದು ಇದ್ದಿದ್ರೆ ನನ್ನ ಮಗನಿಗೆ ನಾನೇ ಗುಂಡಿ ತೋಡ್ತಿದ್ನಾ ಅಕ್ಕ? ಹಿಂದಿನ ದೊಡ್ಡ ಬರದಲ್ಲಿ ಅವನೂ ಹೀಗೇ ಇದ್ದ. ನೊಣ ಕೂತ್ರೆ ಓಡಿಸ್ತಿರಲಿಲ್ಲ. ನೆಂಟರು ತೋಡೋ ಹಾಗಿಲ್ಲ ನಿಜ, ಆಗ ಗುದ್ದಲಿ ಎತ್ತೋ ತ್ರಾಣ ಬೇರೆ ಯಾರಿಗಿತ್ತು? ಅವನಿಗೆ ಕೋಲು ಕಡೀಲಿಲ್ಲ ನಾನು. ಬೇಕಾಗಲಿಲ್ಲ. ಗೇಣಲ್ಲೇ ಅಳೆದೆ. ಯಾಕೆ ನಿನ್ನ ಊರಿಗೆ ಹೋಗಿಲ್ಲ ಅಂತ ಕೇಳ್ತಿದ್ಯಲ್ಲ. ಅವನೊಬ್ಬನನ್ನ ಆ ತೋಪಲ್ಲಿ ಬಿಟ್ಟು ಎಲ್ಲಿಗೆ ಹೋಗ್ಲಿ?"

ಅವನಿಗೊಂದು ಮಗು ಇತ್ತು ಅನ್ನೋದೇ ನನಗೆ ಮರೆತುಹೋಗಿತ್ತು. ಆ ಬರದಲ್ಲಿ ಮಗು ಹೋಗದ ಮನೆ ಯಾವುದಿತ್ತು? ಪುಟ್ಟ ಮಕ್ಕಳಿಗೆ ನಮ್ಮಲ್ಲಿ ದೊಡ್ಡ ಶೋಕವೂ ಮಾಡಲ್ಲ. ನಾನು ಒನಕೆ ಕೆಳಗಿಟ್ಟು ಕೋಲು ಎತ್ತಿಕೊಂಡೆ.

ಅವನ ನೆತ್ತಿಯ ಹತ್ತಿರ ತುದಿ ಇಟ್ಟೆ. ಕೋಲು ವಾಲಿ ಅವನ ಭುಜಕ್ಕೆ ತಾಗ್ತಿತ್ತು. "ನೆಟ್ಟಗೆ ಹಿಡಿ ಅಕ್ಕ, ಮೋಸದ ಅಳತೆ ಬೇಡ," ಅಂದ, ಆ ಹೊತ್ತಲ್ಲೂ! ಉದ್ದನೆಯ ಆಸಾಮಿ, ಚಾಪೆ ಸಾಲದೆ ಹಿಮ್ಮಡಿ ಮಣ್ಣಿನ ಮೇಲಿತ್ತು. ಹಿಮ್ಮಡಿಯ ಹತ್ತಿರ ಕೋಲು ಮುರಿದೆ. ಕಟಕ್. ಆ ಸದ್ದಿಗೆ ಎಲ್ಲರೂ ಬೆಚ್ಚಿಬಿದ್ದರು, ನಾನಂತೂ ಅತ್ತೇಬಿಟ್ಟೆ.

ಅವನು ಎದ್ದು ಬೆನ್ನಿನ ಧೂಳು ಕೊಡವಿಕೊಳ್ಳೋದರೊಳಗೆ ಎಸ್ನಾತ್ ನೆಲಿಯಾಳನ್ನ ಎತ್ತಿಕೊಂಡು ಅವನ ಮುಂದೆ ನಿಂತಿದ್ದಳು. ನನ್ನನ್ನ ಒಂದು ಮಾತು ಕೇಳಲಿಲ್ಲ. ಸುತ್ತಿದ್ದ ಬಟ್ಟೆ ಬಿಚ್ಚಿದಳು. ನಾನು ಅಷ್ಟು ದಿನ ಮುಚ್ಚಿಟ್ಟಿದ್ದನ್ನ ಇಡೀ ಊರು ನೋಡಿತು. ಯಾರೂ ಅಳಿಯನ ಹೆಸರೆತ್ತಲಿಲ್ಲ, ಅದೊಂದು ಪುಣ್ಯ.

ಗುದ್ದಲಿ ಹಿಡಿದು ಕಾಯಿಗಟ್ಟಿದ ಆ ದೊಡ್ಡ ಕೈ ಪಟ್ಟಿಯನ್ನ ರಟ್ಟೆಗೆ ಸುತ್ತಿತು. ಎಳೆದ. ಇನ್ನೂ ಎಳೆದ. ಕೆಂಪು ಬಂತು. ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದು ಮೂಲೆ ಹರಿದ.

"ತಡಿ," ಅಂದೆ. "ಮೊದಲು ನೀನು ತಿನ್ನು."

ಬೆರಳಲ್ಲಿ ಸ್ವಲ್ಪ ತೆಗೆದು ತಿಂದ. ಆಮೇಲೆ ನಾನೂ ಅದೇ ಪೊಟ್ಟಣಕ್ಕೆ ಬೆರಳು ಹಾಕಿ, ಅವನ ಬೆರಳು ಹೊಕ್ಕ ಜಾಗದಿಂದಲೇ ತೆಗೆದು ತಿಂದೆ. ಸಿಹಿ ಇತ್ತು. ಕಾದು ನೋಡಿದೆ, ಹೊಟ್ಟೆಗೇನೂ ಆಗಲಿಲ್ಲ. ಆಮೇಲೆ ನೆಲಿಯಾಳ ತುಟಿಗೆ ಹಚ್ಚಿದೆ. ಮೊದಲು ಹಾಗೇ ಬಿಟ್ಟಳು. ಆಮೇಲೆ ನಾಲಿಗೆ ಹೊರಗೆ ಬಂತು, ನೆಕ್ಕಿದಳು. ಇನ್ನೊಂದು ಸಲ ನೆಕ್ಕಿ ನನ್ನ ಬೆರಳನ್ನ ಹಿಡಕೊಂಡಳು.

ಸಾಯಂಕಾಲ ಡಬ್ಬ ವಾಪಸ್ ತಗೊಂಡು ಹೋಗೋಕೆ ಬಂದ ಮಿಸ್ ಗೊಂಡ್ವೆ ಲುಫೆಯೊನ ಮನೆ ಮುಂದೆ ತಾಯಂದಿರ ಸಾಲು ನೋಡಿ ಬೈಕಿನಿಂದ ಇಳಿಯೋದನ್ನೇ ಮರೆತಳು. ನಂಬಿಕೆ ಬಂತು ಅಂದುಕೊಂಡಳೋ ಏನೋ. ನಂಬಿಕೆಯೂ ಇಲ್ಲ ಮಣ್ಣೂ ಇಲ್ಲ. ಸಾವು ಮೊದಲು ಅವನನ್ನೇ ಹುಡುಕಿಕೊಂಡು ಹೋಗುತ್ತೆ, ಅಲ್ಲಿವರೆಗೆ ಮಕ್ಕಳಿಗೆ ಭಯವಿಲ್ಲ ಅಂತ ನಮ್ಮವರ ಲೆಕ್ಕ. ಬೆಳಗಾದರೆ ಅವನ ಒಲೆಯ ಹೊಗೆ ಕಾಣುತ್ತಾ ಅಂತ ನೋಡೋದೇ ಕೆಲಸ. ಅವನು ಚರ್ಚಿನಲ್ಲಿ ಕೆಮ್ಮಿದರೆ ಪಾದ್ರಿಯೂ ಪ್ರಸಂಗ ನಿಲ್ಲಿಸೋರು. ಅವನ ಆರೋಗ್ಯದ ಮೇಲೆ ಊರಿಗೆ ಅಷ್ಟು ಕಾಳಜಿ ಹಿಂದೆಂದೂ ಇರಲಿಲ್ಲ. ಒಂದು ಭಾನುವಾರ ನಾನು ಹೋಗಿ ಅವನ ಪಕ್ಕದ ಖಾಲಿ ಜಾಗದಲ್ಲಿ ಕೂತೆ. ಪ್ರೀತಿಗಲ್ಲ, ಜ್ವರ ಇದೆಯಾ ಅಂತ ಹತ್ತಿರದಿಂದ ನೋಡೋಣ ಅಂತ.

ನೆಲಿಯಾ ಹಳದಿಗೆ ಬಂದಳು, ಹಸಿರಿಗೂ ಬಂದಳು. ಒಂದು ದಿನ ಅವನ ಪಟ್ಟಿ ಕಿತ್ತುಕೊಂಡು ಓಡಿದಳು. ಲುಫೆಯೊ ಗುಡುಗಿದ ಹಾಗೆ ನಕ್ಕ.

ಅಂದಹಾಗೆ ಕೋಲಿನ ವಿಷಯ. ಅಳತೆ ತೆಗೆದ ಕೋಲನ್ನ ಏನು ಮಾಡೋದು? ಅವನನ್ನೇ ಕೇಳಿದೆ. "ಇಟ್ಟಿರು ಅಕ್ಕ, ಹೇಗೂ ಒಂದಿನ ಬೇಕಲ್ಲ," ಅಂದ. ಚಿಂದಿ ಸುತ್ತಿ ಸೂರಿನ ಹುಲ್ಲಿನೊಳಗೆ ಸಿಕ್ಕಿಸಿದೆ. ಹುಲ್ಲು ಬದಲಾಯಿಸಿದಾಗಲೆಲ್ಲ ಇಳಿಸಿ, ಮತ್ತೆ ಅಲ್ಲೇ ಸಿಕ್ಕಿಸ್ತಿದ್ದೆ.

ಅವನು ಸತ್ತದ್ದು ಹೋದ ಚಳಿಗಾಲದಲ್ಲಿ. ಮುದುಕನಾಗಿ, ಮಿಷನ್ನಿನವರು ಕೊಟ್ಟ ಅಂಗಿ ಹರಿದು ತೇಪೆ ಬಿದ್ದ ಮೇಲೆ, ಜಗಲಿ ಮೇಲೆ ಬಿಸಿಲು ಕಾಯಿಸ್ತಾ ಕೂತವನು ಕೂತ ಹಾಗೇ ಹೋದ. ಅವನ ಗುಂಪಿನ ಹೊಸ ತಲೆಮಾರಿನವರು ಕತ್ತಿ ಹಿಡಿದು ಹೊಳೆ ಕಡೆ ಹೊರಟಿದ್ದರು. "ನಿಲ್ರೋ," ಅಂದೆ. "ಅವನ ಕೋಲು ನನ್ನ ಹತ್ತಿರ ಇದೆ." ನೆಲಿಯಾ, ಈಗ ನನಗಿಂತ ಎತ್ತರದವಳು, ಸೂರಿನಿಂದ ಇಳಿಸಿ ತಂದು ಅವನ ಪಕ್ಕ ಇಟ್ಟಳು.

ಕೋಲು ಉದ್ದವಾಯಿತು. ಹಿಮ್ಮಡಿ ದಾಟಿ ಒಂದು ಗೇಣು ಮುಂದಕ್ಕಿತ್ತು. ಮುದುಕರು ಕುಗ್ಗಿಹೋಗ್ತಾರೆ, ನನಗದು ಹೊಳೆದೇ ಇರಲಿಲ್ಲ.

"ಇಷ್ಟು ಮುರಿದುಬಿಡ್ತೀವಿ ಅಜ್ಜಿ," ಅಂದ ಅವರಲ್ಲೊಬ್ಬ. "ನೆಲ ಕಲ್ಲಾಗಿದೆ. ಸುಮ್ಮನೆ ಖಾಲಿ ಜಾಗ ಯಾಕೆ ತೋಡೋದು?"

ಕೋಲಿನ ಮೇಲೆ ಕೈಯಿಟ್ಟೆ. "ಮುರಿದ್ರೆ ನಿನ್ನ ಕೈ ಮುರೀತೀನಿ. ಅವನ ಅಳತೆ ತೆಗೆದವಳು ನಾನು. ಅವತ್ತು ಅವನು ಇಷ್ಟುದ್ದ ಇದ್ದ. ಇಷ್ಟೇ ತೋಡಿ."